ಬಲಹೆಗಲಿನ ಬೆಲ್ಟು

ಆಂಡಾಳಮ್ಮ ಹೋದ ಸುದ್ದಿ ಎನ್.ಆರ್. ಕಾಲೋನಿಯ ಮನೆಗೆ ಬಂದಾಗ ಶೀನಣ್ಣನವರು ನಡುಮನೆಯಲ್ಲಿ ಅವರೆಕಾಳು ಹಿಚುಕುತ್ತ ಕೂತಿದ್ದರು. ಧನುರ್ಮಾಸದ ಬೆಳಗು. ಪೂಜೆಯಾಗಿ ಹುಗ್ಗಿಯ ನೈವೇದ್ಯವೂ ಮುಗಿದಿತ್ತು. ಆ ಹುಗ್ಗಿಯಲ್ಲಿ ಒಂದು ಡಬ್ಬಿ ತುಂಬಿಕೊಂಡು, ಮಲ್ಲೇಶ್ವರದ ತಂಗಿ ಸರಸ್ವತಮ್ಮನಿಗೆ ಬಿಸಿ ಆರುವ ಮೊದಲೇ ಕೊಟ್ಟುಬರುತ್ತೇನೆಂದು ಆಂಡಾಳಮ್ಮ ತಾವೇ ಕಾರು ನಡೆಸಿಕೊಂಡು ಹೋಗಿದ್ದರು. ಕಾಳು ಹಿಚುಕಿಟ್ಟಿರಿ, ಬಂದು ಹುಳಿ ಮಾಡುತ್ತೇನೆ ಎಂದು ಗಂಡನಿಗೆ ಕೆಲಸ ಹಚ್ಚಿಯೇ ಹೊರಟಿದ್ದರು. ಫೋನು ಮಾಡಿದವರು ಸರಸ್ವತಮ್ಮ. "ಭಾವಾ, ಅಕ್ಕ ಕಾಫಿ ಕೇಳಿದ್ಲು. ನಾನು ಒಳಗಿಂದ ತರೋಷ್ಟರಲ್ಲಿ..." ಎಂದರು. ಶೀನಣ್ಣನವರು ಫೋನಿಟ್ಟು ಮಗಳ ನಂಬರು ಒತ್ತಿದರು. ಒಲೆಯ ಮೇಲೆ ಇನ್ನೂ ಒಗ್ಗರಣೆಯ ವಾಸನೆ ಇತ್ತು.

ಮಗಳು ಹೇಮಶ್ರೀ ಚಾಮರಾಜಪೇಟೆಯ ತನ್ನ ಮನೆಯಿಂದ ಓಡಿಬಂದು ತಂದೆಯನ್ನು ಆಟೋದಲ್ಲಿ ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದಳು. ತಂಗಿಯ ಮನೆಯ ಮುಂದೆ ಕಾರು ಗೋಡೆಗೆ ಒತ್ತಿ, ನೆಟ್ಟಗೆ, ಯಾರ ದಾರಿಗೂ ಅಡ್ಡವಾಗದಂತೆ ನಿಂತಿತ್ತು. ಕೀಲಿಕೈ ಆಂಡಾಳಮ್ಮನವರ ಸೆರಗಿನ ತುದಿಯ ಗಂಟಿನಲ್ಲಿತ್ತು. ಶೀನಣ್ಣನವರು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ಗಾಡೀನ ಸರಿಯಾಗಿ ನಿಲ್ಸೇ ಹೋಗಿದಾಳೆ, ನೋಡು" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹೇಮಶ್ರೀ ಆ ಮಾತು ಕೇಳಿ ಅತ್ತಳು.

ಆ ಕಾರು ಆಂಡಾಳಮ್ಮನವರದೇ. ಶೀನಣ್ಣನವರಿಗೆ ಸೈಕಲ್ಲಿಗಿಂತ ದೊಡ್ಡ ವಾಹನ ಯಾವುದೂ ಒಲಿದಿರಲಿಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಗಣಿತದ ಮೇಡಂ ಆಗಿದ್ದ ಆಂಡಾಳಮ್ಮ ತಲೆ ನರೆತಮೇಲೆ ಗಾಂಧಿ ಬಜಾರಿನ ಹತ್ತಿರ ಡ್ರೈವಿಂಗ್ ಕಲಿತರು. ಕಲಿಸುತ್ತಿದ್ದ ಹುಡುಗನಿಗೇ ಎರಡು ಸಲ ತಪ್ಪು ತೋರಿಸಿದರಂತೆ. ಅಂದಿನಿಂದ ಅವರು ಬಲಕ್ಕೆ ಕೂತು ನಡೆಸುವುದು, ಇವರು ಎಡಕ್ಕೆ ಕೂತು ವಿಷ್ಣು ಸಹಸ್ರನಾಮ ಹೇಳಿಕೊಳ್ಳುವುದು. ಎನ್.ಆರ್. ಕಾಲೋನಿಯಲ್ಲಿ "ವಿಶ್ವಂ" ಎಂದು ಶುರುವಾದರೆ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಫಲಶ್ರುತಿ ಬರಬೇಕು. ಅದಕ್ಕೂ ಮೊದಲೇ ಬಂದುಬಿಟ್ಟರೆ, "ಏನಿವತ್ತು, ಟ್ರಾಫಿಕ್ ಜಾಸ್ತಿಯೋ ಅಥವಾ ನೀವು ಕೆಲವು ನಾಮ ನುಂಗಿದ್ರೋ" ಎಂದು ಆಂಡಾಳಮ್ಮ ಕೇಳುವರು.

ಶೀನಣ್ಣನವರಿಗೆ ಎಡ ಬಲಗಳ ಮೇಲೆ ಬಹಳ ನಿಗಾ. ಸಂಧ್ಯಾವಂದನೆ, ತರ್ಪಣ, ಶ್ರಾದ್ಧ ಇವುಗಳಲ್ಲೇ ಬೆಳೆದ ಮನುಷ್ಯನಿಗೆ ಲೋಕವೆಲ್ಲ ಎಡ ಬಲಗಳ ಲೆಕ್ಕದಲ್ಲೇ ಕಾಣುವುದು. ಒಮ್ಮೆ ಬಳಸುದಾರಿ ಹಿಡಿದು ಸಜ್ಜನ್ ರಾವ್ ಸರ್ಕಲ್ ದಾಟುವಾಗ ಅವರಿಗೆ ಒಂದು ಸಂಗತಿ ಹೊಳೆಯಿತು. ನಮ್ಮ ದೇಶದಲ್ಲಿ ಗಾಡಿಗಳು ಎಡಕ್ಕೆ ಓಡುವುದರಿಂದ ಎಲ್ಲ ಸರ್ಕಲ್ಲುಗಳನ್ನೂ ಬಲಕ್ಕಿಟ್ಟುಕೊಂಡೇ ಸುತ್ತುತ್ತೇವೆ, ಅಂದರೆ ಪ್ರದಕ್ಷಿಣೆಯಾಗಿಯೇ ಸುತ್ತುತ್ತೇವೆ. ಇದನ್ನು ಹೇಳಿದಾಗ ಆಂಡಾಳಮ್ಮ ತುಟಿಪಿಟಕ್ಕೆನ್ನದೆ ಅದೇ ಸರ್ಕಲ್ಲನ್ನು ಇನ್ನೊಂದು ಸುತ್ತು ಸುತ್ತಿದರು. ಹಿಂದೆ ಆಟೋದವನು ಹಾರನ್ ಹೊಡೆದ. "ಪುಣ್ಯ ಬರ್ಲಿ ಅಂತ" ಎಂದರು ಆಂಡಾಳಮ್ಮ. ಇಬ್ಬರೂ ಮಲ್ಲೇಶ್ವರದವರೆಗೆ ನಗುತ್ತ ಹೋದರು.

ಹೇಮಶ್ರೀಯ ಮಗಳು ತನ್ಮಯಿಗೆ ಐದು ತುಂಬಿದೆ. ಶನಿವಾರ ಸಂಜೆ ಅಜ್ಜಿ, ತಾತ, ಮೊಮ್ಮಗಳು ಮೂವರೂ ಸರಸ್ವತಮ್ಮನ ಮನೆಗೆ ಹೋಗುವುದು ಪದ್ಧತಿಯಾಗಿತ್ತು. ಸರಸ್ವತಮ್ಮ ತನ್ಮಯಿಗೆ ದೇವರನಾಮ ಹೇಳಿಕೊಡುತ್ತಿದ್ದರು. ಅದಕ್ಕೆಂದೇ ಆಂಡಾಳಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಎಡಗಡೆ ಮಗುವಿಗೆ ಒಂದು ಬೂಸ್ಟರ್ ಸೀಟು ಇಡಿಸಿದ್ದರು. ಬೆನ್ನಿಗೆ ಒರಗು, ಪಕ್ಕಕ್ಕೆ ಕೈಗಳು, ಅಡಿಯಲ್ಲಿ ಎತ್ತರದ ದಿಂಬು. ದೊಡ್ಡವರ ಅಳತೆಗೆ ಹೊಲಿದ ಕಾರಿನ ಬೆಲ್ಟು ಮಗುವಿನ ಕತ್ತಿಗೂ ಹೊಟ್ಟೆಗೂ ಬರುತ್ತದೆ. ಮಗುವನ್ನು ಅಷ್ಟು ಎತ್ತರಿಸಿ ಕೂರಿಸಿದರೆ ಬೆಲ್ಟು ಬರಬೇಕಾದ ಕಡೆ ಬರುತ್ತದೆ. ತಾನು ದೊಡ್ಡವಳಾದೆ, ಪಾಪು ಕುರ್ಚಿ ಬೇಡ ಎಂದು ತನ್ಮಯಿ ಮೊದಲ ದಿನ ರಚ್ಚೆ ಹಿಡಿದಳು. ಆಗ ಆಂಡಾಳಮ್ಮ, ಇದು ಪಾಪು ಕುರ್ಚಿಯಲ್ಲ, ಮಣೆ; ಮದುವೆಯಲ್ಲಿ ಹುಡುಗಿ ಕೂರುವುದು ಯಾವುದರ ಮೇಲೆ, ತಾತ ಪೂಜೆಗೆ ಕೂರುವುದು ಯಾವುದರ ಮೇಲೆ, ದೊಡ್ಡ ಕೆಲಸಕ್ಕೆಲ್ಲ ಮಣೆಯೇ ಬೇಕು ಎಂದು ಹೇಳಿ ಒಪ್ಪಿಸಿದರು. ಮಣೆಯ ಮೇಲೆ ಕೂತವರು ಕೆಲಸ ಮುಗಿಯುವ ತನಕ ಏಳಬಾರದು ಎಂಬ ನಿಯಮವೂ ಅದರ ಜೊತೆಗೇ ಬಂತು. ಅಂದಿನಿಂದ ಆ ಮನೆಯಲ್ಲಿ ಬೂಸ್ಟರ್ ಸೀಟಿಗೆ ಮಣೆ ಎಂದೇ ಹೆಸರು.

ಬೆಲ್ಟು ಹಾಕುವುದಕ್ಕೂ ಅಜ್ಜಿಯದು ಒಂದು ಕ್ರಮ. ಪ್ರತಿ ಸಲ ಮಗುವಿನ ಮೈ ಮುಟ್ಟಿ ತೋರಿಸಿ ಹೇಳುವರು. ಮಗುವೂ ಜೊತೆಗೆ ಹೇಳುವುದು.

"ಹೊಟ್ಟೆ ಮೇಲಲ್ಲ, ತೊಡೆ ಮೇಲೆ. ಕತ್ತಿನ ಮೇಲಲ್ಲ, ಹೆಗಲ ಮೇಲೆ. ಕಂಕುಳಿಗೆ ಹೋದ್ರೆ ಅಜ್ಜಿಗೆ ಕೋಪ. ಬೆನ್ನಿಗೆ ಹೋದ್ರೆ ಗಾಡಿಗೆ ಕೋಪ. ಟಕ್."

ಆ ಕೊನೆಯ ಟಕ್ ಬಕಲ್ಲಿನ ಸದ್ದು. ಅದನ್ನು ಬಕಲ್ಲೂ ಹೇಳಬೇಕು, ತನ್ಮಯಿಯೂ ಹೇಳಬೇಕು. ಬಳಿಕ ಅಜ್ಜಿ ಬೆಲ್ಟನ್ನು ಮೇಲಕ್ಕೆಳೆದು ಸಡಿಲ ತೆಗೆಯುವರು, ಎಲ್ಲೂ ತಿರುಚಿಲ್ಲವೆಂದು ಬೆರಳಾಡಿಸಿ ನೋಡುವರು. ಶೀನಣ್ಣನವರು ಇದಕ್ಕೆ ಅಂಗನ್ಯಾಸ ಎಂದು ಹೆಸರಿಟ್ಟಿದ್ದರು. ಜಪಕ್ಕೆ ಮೊದಲು ಮೈಯ ಒಂದೊಂದು ಅಂಗವನ್ನೂ ಮುಟ್ಟಿ ಮಂತ್ರ ಹೇಳುವುದಿಲ್ಲವೇ, ಹಾಗೆ.

ಇವೆಲ್ಲ ಆ ಧನುರ್ಮಾಸದ ಬೆಳಗಿಗೆ ನಿಂತುಹೋದವು.

ದಂಪತಿಗೆ ಒಬ್ಬಳೇ ಮಗಳಾದ್ದರಿಂದ ಕರ್ಮಗಳನ್ನೆಲ್ಲ ಶೀನಣ್ಣನವರೇ ಮಾಡಿದರು. ದಿನವೂ ಜನಿವಾರವನ್ನು ಬಲಹೆಗಲಿಗೆ ಬದಲಾಯಿಸಿಕೊಂಡು ಎಳ್ಳುನೀರು ಬಿಟ್ಟರು. ಜನಿವಾರ ಎಡಹೆಗಲ ಮೇಲಿದ್ದರೆ ಸವ್ಯ. ಅದು ದೇವರ ಕೆಲಸಕ್ಕೆ, ಬದುಕಿನ ಕೆಲಸಕ್ಕೆ. ಬಲಹೆಗಲಿಗೆ ಬಂದರೆ ಅಪಸವ್ಯ. ಅದು ಹೋದವರಿಗೆ ಮಾತ್ರ. ಪುರೋಹಿತ ನರಸಿಂಹಾಚಾರ್ "ಅಪಸವ್ಯ" ಎಂದು ಹೇಳಿದಾಗಲೆಲ್ಲ ಶೀನಣ್ಣನವರ ಕೈ ದಾರ ಹಿಡಿದು ತಡೆಯುತ್ತಿತ್ತು, "ಸವ್ಯ" ಎಂದಾಗ ಉಸಿರು ಬರುತ್ತಿತ್ತು. ಹದಿಮೂರನೆಯ ದಿನ ಶುಭಸ್ವೀಕಾರವಾಗಿ ನೆಂಟರೆಲ್ಲ ಹೋದಮೇಲೆ ಮನೆ ಬಣಗುಟ್ಟಿತು. ಹಿಚುಕಿಟ್ಟ ಅವರೆಬೇಳೆಯನ್ನು ಯಾರೋ ಪುಣ್ಯಾತ್ಮರು ಫ್ರೀಜರಿನಲ್ಲಿಟ್ಟಿದ್ದರು. ಅದನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ಅಪ್ಪ ಹೀಗೆ ಗೋಡೆ ನೋಡುತ್ತ ಕೂತರೆ ಆಗದು ಎಂದು ಹೇಮಶ್ರೀ ಒಂದು ಉಪಾಯ ಮಾಡಿದಳು. ಶನಿವಾರ ಬ್ಯಾಂಕಿನ ಕೆಲಸ ಮುಗಿಸಿ, ಮಲ್ಲೇಶ್ವರದಲ್ಲೇ ನಿಂತಿದ್ದ ಅಮ್ಮನ ಕಾರನ್ನು ತಂದು ನಿಲ್ಲಿಸಿ, ಇದನ್ನು ಇನ್ನುಮುಂದೆ ತಾನೇ ನಡೆಸುತ್ತೇನೆ, ಮಲ್ಲೇಶ್ವರದ ಪದ್ಧತಿ ತಪ್ಪಬಾರದು ಎಂದಳು. ಬೆಲ್ಟು ಹಾಕುವ ಕೆಲಸವನ್ನು ಅಪ್ಪನಿಗೆ ಒಪ್ಪಿಸಿದಳು.

"ಅಮ್ಮ ಮಾಡ್ತಿದ್ದ ಕೆಲ್ಸ ಇನ್ಮೇಲೆ ನಿಂದು. ಹಿಂದೆ ಅವಳ ಪಕ್ಕ ಕೂತ್ಕೋ. ನಾನು ರಸ್ತೆ ನೋಡ್ತೀನಿ, ನೀನು ಮಗು ನೋಡು."

ಶೀನಣ್ಣನವರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ವಾರವೆಲ್ಲ ಶನಿವಾರಕ್ಕಾಗಿ ಕಾಯುವುದಾಯಿತು. ಬೆಳಗ್ಗೆ ಏಕೆ ಏಳಬೇಕು ಎಂಬ ಪ್ರಶ್ನೆಗೆ ಅವರಲ್ಲಿದ್ದ ಉತ್ತರ ಅದೊಂದೇ.

ಆದರೆ ಉತ್ಸಾಹ ಮಿತಿ ಮೀರಿತು. ಸೂತಕದಲ್ಲಿ ನಿಂತಿದ್ದ ವಾಹನ, ಪೂಜೆಯಿಲ್ಲದೆ ಮಗುವನ್ನು ಕೂರಿಸುವುದು ಹೇಗೆ ಎಂದು ಅವರು ತಾವೇ ಕುಂಕುಮ, ಅಕ್ಷತೆ, ನಿಂಬೆಹಣ್ಣು ತೆಗೆದುಕೊಂಡು ಹೋಗಿ ಕಾರಿಗೆ ಪೂಜೆ ಮಾಡಿದರು. ಬಾನೆಟ್ಟಿಗೆ ಅಕ್ಷತೆ ಹಾಕಿದರು, ಸ್ಟೀರಿಂಗಿಗೆ ಹಾಕಿದರು. ಮೊಮ್ಮಗಳ ಮಣೆಗೆ ಮಾತ್ರ ಜಿಪುಣತನ ಏಕೆಂದು ಎರಡು ಕೈ ತುಂಬ ಹಾಕಿದರು. ಆ ಅಕ್ಷತೆಯಲ್ಲಿ ಒಂದು ಕಾಳು ನೇರವಾಗಿ ಎಡಗಡೆಯ ಬಕಲ್ಲಿನ ಬಾಯಿಗೆ ಬಿತ್ತು.

ಸಂಜೆ ತನ್ಮಯಿ ಬಂದು ಮಣೆ ಹತ್ತಿ ಕೂತು ಅಂಗನ್ಯಾಸ ಮುಗಿಸಿ "ಟಕ್" ಎಂದಳು. ಬಕಲ್ಲು ಟಕ್ ಎನ್ನಲಿಲ್ಲ. ಮತ್ತೆ ಒತ್ತಿದರು. ಬೆಲ್ಟಿನ ನಾಲಿಗೆ ಒಳಗೆ ಹೋಗುವುದು, ಹೊರಗೆ ಬರುವುದು. ಶೀನಣ್ಣನವರು ಮೊದಲು ಊದುಬತ್ತಿಯ ಕಡ್ಡಿಯಿಂದ ಕೆದಕಿದರು, ಆಮೇಲೆ ಹೇರ್‌ಪಿನ್ನಿನಿಂದ. ಅರಿಸಿನ ಹಚ್ಚಿದ ಅಕ್ಕಿಕಾಳು ಇನ್ನಷ್ಟು ಒಳಕ್ಕಿಳಿದು ಭದ್ರವಾಗಿ ಕೂತಿತು, ಅದರ ಹಿಂದೆ ಕಡ್ಡಿಯ ಚೂರೂ ಹೋಯಿತು. ಗ್ಯಾರೇಜಿನವರು ನೋಡಿ, ಕೆದಕಿದ ಬಕಲ್ಲನ್ನು ನಂಬುವ ಹಾಗಿಲ್ಲ, ಬದಲಾಯಿಸಬೇಕು, ಭಾಗ ಬರುವುದಕ್ಕೆ ಕೆಲವು ವಾರ ಬೇಕು ಎಂದರು. ಹೇಮಶ್ರೀ ಅಪ್ಪನ ಮುಖ ನೋಡಿದಳು. ಅವರು ಆಕಾಶ ನೋಡಿದರು.

"ಆಶೀರ್ವಾದ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೆ" ಎಂದರು.

ಮಧ್ಯದ ಸೀಟಿಗೆ ಇದ್ದದ್ದು ಬರಿಯ ಸೊಂಟದ ಪಟ್ಟಿ. ಮಣೆಗೆ ಸೊಂಟದ್ದೂ ಬೇಕು, ಹೆಗಲಿನದೂ ಬೇಕು. ಆದ್ದರಿಂದ ಹೇಮಶ್ರೀ ಮಣೆಯನ್ನು ಎತ್ತಿ ಬಲಗಡೆಗೆ, ತನ್ನ ಹಿಂದಕ್ಕೆ ಇಟ್ಟಳು. ಶೀನಣ್ಣನವರು ನಡುವೆ ಕೂತು ಉಡಿದಾರ ಕಟ್ಟಿಕೊಂಡ ಹಾಗೆ ಸೊಂಟದ ಪಟ್ಟಿ ಕಟ್ಟಿಕೊಂಡರು. ಬಳಿಕ ಮಗುವಿನ ಬೆಲ್ಟು ಎಳೆದರು. ಅದು ಬಲಗಡೆಯ ಕಂಬದಿಂದ ಬಂತು, ಮಗುವಿನ ಬಲಹೆಗಲ ಮೇಲೆ ಹಾದು, ಎದೆಯ ಮೇಲೆ ಇಳಿದು, ಎಡಸೊಂಟಕ್ಕೆ ಬಂದು ನಿಂತಿತು.

ಶೀನಣ್ಣನವರ ಕೈ ನಿಂತುಹೋಯಿತು. ಅದು ಅಪಸವ್ಯ.

ಹೆಂಡತಿಗೆ ಎಳ್ಳುನೀರು ಬಿಡಲು ತಾವು ಯಾವ ಹೆಗಲಿಗೆ ಜನಿವಾರ ಬದಲಾಯಿಸಿಕೊಂಡಿದ್ದರೋ ಅದೇ ಹೆಗಲು. ಅದೇ ದಾರಿ, ಅದೇ ಓರೆ. ಮನೆಯಲ್ಲಿ ಸಾವಾಗಿ ಇನ್ನೂ ತಿಂಗಳು ತುಂಬಿಲ್ಲ. ಬೆಳೆಯುವ ಮಗುವಿನ ಮೈಮೇಲೆ ಆ ಗುರುತನ್ನು ತಾವೇ ಕೈಯಾರೆ ಹಾಕುವುದೇ? ಹುಡುಗಿಗೆ ಜನಿವಾರವಿಲ್ಲ, ಬೆಲ್ಟು ಜನಿವಾರವಲ್ಲ, ಇದೆಲ್ಲ ಅವರ ಬುದ್ಧಿಗೆ ಗೊತ್ತು. ಆದರೆ ಎದೆ ಝಲ್ಲೆಂದದ್ದನ್ನು ಬುದ್ಧಿ ಬಂದು ಸಮಾಧಾನ ಮಾಡುವುದರೊಳಗೆ ಕೈ ತನ್ನ ಕೆಲಸ ಮಾಡಿತ್ತು. ಹೆಗಲ ಮೇಲಿದ್ದ ಪಟ್ಟಿಯನ್ನು ಮೆಲ್ಲಗೆ ಇಳಿಸಿ ಮಗುವಿನ ಕಂಕುಳ ಕೆಳಗೆ ಸರಿಸಿತ್ತು. ಹೆಗಲು ಮುಟ್ಟದಿದ್ದರೆ ಸವ್ಯವೂ ಅಲ್ಲ, ಅಪಸವ್ಯವೂ ಅಲ್ಲ.

ತನ್ಮಯಿ ಪಿಸುಗುಟ್ಟಿ ಕೇಳಿದಳು. "ತಾತ, ಕಂಕುಳಿಗೆ ಹೋದ್ರೆ ಅಜ್ಜಿಗೆ ಕೋಪ ಅಲ್ವಾ?"

"ಈ ಕಡೆ ಬೇರೆ ಥರ, ಪುಟ್ಟಿ. ಸುಮ್ನಿರು" ಎಂದು ಹೇಳಿ, ಚಳಿಯೆಂದು ತಮ್ಮ ಶಾಲನ್ನು ಮಗುವಿನ ಮೇಲೆ ಹೊದಿಸಿದರು. ಹೇಮಶ್ರೀ ಕನ್ನಡಿಯಲ್ಲಿ ನೋಡಿದಾಗ ಶಾಲು ಕಂಡಿತು, ಅಪ್ಪನ ಪ್ರೀತಿ ಕಂಡಿತು, ಬೆಲ್ಟು ಕಾಣಲಿಲ್ಲ.

ಆ ಶನಿವಾರ ಕ್ಷೇಮವಾಗಿ ಕಳೆಯಿತು. ದೇವರು ಒಪ್ಪಿದ್ದಾನೆ ಎಂದುಕೊಂಡರು ಶೀನಣ್ಣನವರು. ಮುಂದಿನ ಶನಿವಾರ ಬ್ಯೂಗಲ್ ರಾಕಿನ ಪಕ್ಕದಿಂದ ಇಳಿದು ರಾಮಕೃಷ್ಣ ಆಶ್ರಮದ ವೃತ್ತ ದಾಟುತ್ತಿದ್ದರು. ಮುಂದೆ ಹೋಗುತ್ತಿದ್ದ ಆಟೋ, ಕೈ ಅಡ್ಡ ಹಿಡಿದ ಯಾರನ್ನೋ ಕಂಡು, ಇದ್ದಲ್ಲೇ ನಿಂತುಬಿಟ್ಟಿತು. ಹೇಮಶ್ರೀ ಬ್ರೇಕನ್ನು ಬಲವಾಗಿ ಒತ್ತಿದಳು. ಕಾರು ನಿಂತಿತು, ಆಟೋಗೆ ತಗಲಲಿಲ್ಲ. ಆದರೆ ಹಿಂದೆ ತನ್ಮಯಿಯ ಮೈಯ ಮೇಲುಭಾಗ ಹಿಡಿತವಿಲ್ಲದೆ ಮುಂದಕ್ಕೆ ಬಾಗಿ, ಹಣೆ ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು. ಶಾಲು ಜಾರಿ ಬಿತ್ತು. ಆಮೇಲೆ ಅಳು.

ಹೇಮಶ್ರೀ ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿದು ಬಂದು ಬಾಗಿಲು ತೆರೆದಳು. ಹಣೆಯ ಮೇಲೆ ಗೋಲಿಯ ಗಾತ್ರದ ಗುಬಟು. ಕಂಕುಳ ಕೆಳಗೆ ಪಕ್ಕೆಯ ಮೇಲೆ ಬೆಲ್ಟು ಎಳೆದ ಕೆಂಪು ಗೀರು. ಬೆಲ್ಟು ಎಲ್ಲಿದೆಯೆಂದು ನೋಡಿದಳು. ಅಪ್ಪನ ಕಡೆ ನೋಡಿದಳು. ಅಲ್ಲೇ ಚಾಮರಾಜಪೇಟೆಯಲ್ಲಿ ಪರಿಚಯದ ಡಾಕ್ಟರಿಗೆ ತೋರಿಸಿದಳು. ಹಣೆ ವಾಸಿಯಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಐಸ್ ಇಡಿಸಿದರು. ಆದರೆ ಬೆಲ್ಟನ್ನು ಕಂಕುಳಿಗೆ ಇಳಿಸಿದರೆ ಎಳೆಯ ಪಕ್ಕೆಲುಬುಗಳ ಮೇಲೆಯೇ ಪೆಟ್ಟೆಲ್ಲ ಬೀಳುತ್ತದೆ, ಇನ್ನೂ ಸ್ವಲ್ಪ ವೇಗವಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಹೇಳಿದರು. ಶೀನಣ್ಣನವರು ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡರು. ಮಲ್ಲೇಶ್ವರಕ್ಕೆ ಅಂದು ಹೋಗಲಿಲ್ಲ.

ಅಪ್ಪನನ್ನು ಎನ್.ಆರ್. ಕಾಲೋನಿಗೆ ಬಿಟ್ಟು, ಗೇಟಿನ ಹತ್ತಿರ ನಿಂತು ಹೇಮಶ್ರೀ ಹೇಳಿದಳು. "ಅಪ್ಪಾ, ಇನ್ಮೇಲೆ ಶನಿವಾರ ನಾನೂ ಅವಳೂ ಮಾತ್ರ ಹೋಗ್ತೀವಿ. ನೀನು ಮನೇಲಿರು. ನಿನ್ನ ಮೇಲೆ ಕೋಪ ಅಲ್ಲ. ನಂಬಿಕೆ ಹೋಯ್ತು."

ಕೋಪವೆಂದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅದುವರೆಗೆ ಹೇಳದಿದ್ದುದನ್ನು ಆಗ ಹೇಳಿದರು. ಬಲಹೆಗಲು, ಎಳ್ಳುನೀರು, ಅಪಸವ್ಯ, ಎದೆ ಝಲ್ಲೆಂದದ್ದು, ಎಲ್ಲ. ಹೇಮಶ್ರೀ ಬಾಯಿ ತೆರೆದುಕೊಂಡು ಕೇಳಿದಳು.

"ಅಪಸವ್ಯಾನಾ?" ಎಂದಳು. ತುಟಿ ಕಚ್ಚಿಕೊಂಡಳು, ತಡೆಯಲಾರದೆ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಆಮೇಲೆ ಮುಖ ಒರೆಸಿಕೊಂಡು, "ನಕ್ಕೆ ಅಂತ ಒಪ್ಪಿದೀನಿ ಅಂದ್ಕೋಬೇಡ. ಬೇಕಾದ್ರೆ ನಿಮ್ಮ ನರಸಿಂಹಾಚಾರ್‌ನ ಕೇಳ್ಕೊಂಡ್ ಬಾ. ಬೆಲ್ಟು ಹೆಗಲ ಮೇಲೇ ಇರ್ಬೇಕು. ಅದಕ್ಕೆ ನಿನ್ನ ಮನಸ್ಸು ಒಪ್ಪೋ ತನಕ ನೀನು ಗಾಡಿ ಹತ್ತೋ ಹಾಗಿಲ್ಲ" ಎಂದಳು.

ನರಸಿಂಹಾಚಾರ್ ಇದ್ದದ್ದು ದೊಡ್ಡ ಗಣಪತಿಯ ಗುಡಿಯ ಹಿಂದಿನ ಬೀದಿಯಲ್ಲಿ. ಶೀನಣ್ಣನವರು ಬೆಳಗ್ಗೆಯೇ ಹೋಗಿ ಜಗಲಿಯ ಮೇಲೆ ಕೂತು ಪ್ರಶ್ನೆ ಇಟ್ಟರು. ಪುರೋಹಿತರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು. ಯಾವುದೋ ಸ್ಮೃತಿಯ ವಚನ ಬರುತ್ತದೆಂದು ಇವರು ಕಾದರು. ಕಣ್ಣು ತೆರೆದು, ಆ ಪಟ್ಟಿಗೆ ಬ್ರಹ್ಮಗಂಟು ಇದೆಯೇ ಎಂದು ಕೇಳಿದರು. ಇಲ್ಲವೆಂದರು ಶೀನಣ್ಣನವರು. ಆಚಮನ ಮಾಡಿ ಹಾಕಿಕೊಳ್ಳುತ್ತೀರಾ? ಇಲ್ಲ. ಹಳತಾದರೆ ಉಪಾಕರ್ಮದ ದಿನ ಬದಲಾಯಿಸುತ್ತೀರಾ? ಗ್ಯಾರೇಜಿನವರು ಬದಲಾಯಿಸುತ್ತಾರೆ. ಹಾಗಾದರೆ ಅದು ಜನಿವಾರವಲ್ಲ, ಹಗ್ಗ; ಬಾವಿಗೆ ಬೀಳುವವನಿಗೆ ಹಗ್ಗ ಎಸೆಯುವಾಗ ಯಾರೂ ಯಾವ ಹೆಗಲಿಗೆ ಎಂದು ಕೇಳುವುದಿಲ್ಲ ಎಂದು ತೀರ್ಪು ಕೊಟ್ಟರು. "ನನ್ನ ನೋಡಿ, ಆಟೋದಲ್ಲಿ ಓಡಾಡೋನು. ಸವ್ಯವೂ ಇಲ್ಲ, ಅಪಸವ್ಯವೂ ಇಲ್ಲ, ಬರೀ ಗೋವಿಂದ" ಎಂದು ನಕ್ಕರು.

ಶೀನಣ್ಣನವರ ತಲೆ ಒಪ್ಪಿತು. ಎದೆ ಒಪ್ಪಲಿಲ್ಲ. ಸುಳ್ಳು ಹೇಳಿ ಗಾಡಿ ಹತ್ತುವುದು ಅವರಿಂದ ಆಗದ ಕೆಲಸ. ಮಗಳಿಗೆ ಫೋನು ಮಾಡಿ ಆಚಾರ್ಯರ ತೀರ್ಪನ್ನು ಹೇಳಿ, ತಮ್ಮ ಎದೆಯ ವಿಷಯವನ್ನೂ ಮುಚ್ಚಿಡದೆ ಹೇಳಿದರು. ಹೇಮಶ್ರೀ ಆಯಿತೆಂದು ಮಾತ್ರ ಹೇಳಿದಳು.

ಶನಿವಾರ ಬಂತು. ಸರಸ್ವತಮ್ಮನಿಗೆ ಕೊಡಲು ಮನೆಯಲ್ಲಿದ್ದ ಕರಿಬೇವನ್ನು ತೆಗೆದುಕೊಂಡು ಹೋಗಲು ಹೇಮಶ್ರೀ ಎನ್.ಆರ್. ಕಾಲೋನಿಯಲ್ಲಿ ಗಾಡಿ ನಿಲ್ಲಿಸಿದಳು. ಹಿಂದೆ ಬಲಗಡೆ ತನ್ಮಯಿ ಮಣೆಯ ಮೇಲೆ ರಾಣಿಯ ಹಾಗೆ ಕೂತಿದ್ದಳು. ಹಣೆಯ ಗುಬಟು ಇಳಿದು ಹಸಿರುಬಣ್ಣಕ್ಕೆ ತಿರುಗಿತ್ತು. ಅದನ್ನು ಅವಳು ಶಾಲೆಯಲ್ಲಿ ಎಲ್ಲರಿಗೂ ತೋರಿಸಿ ಬಂದಿದ್ದಳು. ಶೀನಣ್ಣನವರು ಕರಿಬೇವಿನ ಕಟ್ಟು ಕೊಟ್ಟು ಕಿಟಕಿಯ ಹತ್ತಿರ ನಿಂತರು. ಒಳಗೆ ಹತ್ತಲಿಲ್ಲ.

"ಬಾ ತಾತ."

"ನೀವು ಹೋಗ್ಬನ್ನಿ, ಪುಟ್ಟಿ. ನಂಗೆ ಕಾಲು ನೋವು."

"ಸುಳ್ಳು. ನಿಂಗೆ ಈ ಬೆಲ್ಟು ಇಷ್ಟ ಇಲ್ಲ, ಅಮ್ಮ ಹೇಳಿದ್ಲು." ಮಗು ತನ್ನ ಬಲಹೆಗಲಿನ ಪಟ್ಟಿಯನ್ನು ಅಂಗೈಯಿಂದ ಸವರಿಕೊಂಡಿತು. "ನಂಗೆ ಆ ಕಡೇದಕ್ಕಿಂತ ಇದೇ ಇಷ್ಟ. ಇದು ಅಜ್ಜಿ ಹಾಕ್ಕೊಳ್ತಿದ್ದ ಥರಾನೇ ಇದೆ."

ಶೀನಣ್ಣನವರಿಗೆ ಮೊದಲು ಅರ್ಥವಾಗಲಿಲ್ಲ. ಮುಂದಿನ ಸೀಟಿನ ಕಡೆ ನೋಡಿದರು. ಸ್ಟೀರಿಂಗಿನ ಹಿಂದೆ ಮಗಳು ಕೂತಿದ್ದಳು. ಅವಳ ಬೆಲ್ಟು ಬಲಗಡೆಯ ಕಂಬದಿಂದ ಬಂದು ಬಲಹೆಗಲ ಮೇಲೆ ಹಾದು ಎಡಸೊಂಟಕ್ಕೆ ಇಳಿದಿತ್ತು. ಅದೇ ಜಾಗದಲ್ಲಿ ಅಷ್ಟು ವರ್ಷ ಕೂತವರು ಯಾರು? ಅವರು ಕಣ್ಣು ಮುಚ್ಚಿದರು. ಎಡಗಡೆ ಸೀಟಿನಿಂದ ತಾವು ನೋಡುತ್ತಿದ್ದ ಆ ಮುಖ, ಮೂಗುಬೊಟ್ಟು, ಕಿವಿಯ ಹಿಂದೆ ಸಿಕ್ಕಿಸಿದ ಮಲ್ಲಿಗೆ, ಅದರ ಕೆಳಗೆ ಬಲಹೆಗಲ ಮೇಲೆ ಸೆರಗಿಗೆ ಎದುರಾಗಿ ಹಾದುಹೋದ ಕಪ್ಪು ಪಟ್ಟಿ. ಎಷ್ಟು ಸಲ ನೋಡಿದ್ದರು. ಒಮ್ಮೆಯೂ ಕಂಡಿರಲಿಲ್ಲ. ಸರ್ಕಲ್ಲುಗಳಲ್ಲಿ ಪ್ರದಕ್ಷಿಣೆ ಕಂಡ ಕಣ್ಣಿಗೆ ಪಕ್ಕದಲ್ಲೇ ಕೂತವಳ ಹೆಗಲು ಕಂಡಿರಲಿಲ್ಲ. ಗಂಡನನ್ನು, ಮೊಮ್ಮಗಳನ್ನು ಸವ್ಯದಲ್ಲಿ ಕೂರಿಸಿ, ತಾನು ಅಪಸವ್ಯದಲ್ಲೇ ಕೂತು, ಆಕೆ ಈ ಊರಿನ ರಸ್ತೆಗಳಲ್ಲೆಲ್ಲ ಎಲ್ಲರನ್ನೂ ಕ್ಷೇಮವಾಗಿ ಮುಟ್ಟಿಸಿದ್ದಳು. ಸತ್ತವರ ಗುರುತೆಂದು ತಾವು ಹೆದರಿದ್ದು, ಬದುಕಿದ್ದಷ್ಟು ದಿನ ಅವಳ ಕಾವಲಿನ ಗುರುತಾಗಿತ್ತು.

ಎದೆಯಲ್ಲಿ ಇದ್ದ ಗಂಟು ಅಷ್ಟು ಸುಲಭವಾಗಿ ಬಿಚ್ಚೀತೆಂದು ಅವರು ಎಣಿಸಿರಲಿಲ್ಲ.

"ಹೇಮಾ, ಬಾಗ್ಲು ತೆಗಿ" ಎಂದರು.

ಹೇಮಶ್ರೀ ಲಾಕು ತೆಗೆಯಲಿಲ್ಲ. ಕನ್ನಡಿಯಲ್ಲೇ ಕೇಳಿದಳು. "ಎದೆ ಏನಂತಿದೆ?"

"ನಿಮ್ಮಮ್ಮ ಹೇಳಿದ ಹಾಗೇ ಆಗ್ಲಿ ಅಂತಿದೆ."

"ಸರಿ. ಪರೀಕ್ಷೆ ಕೊಟ್ಟು ಹತ್ತು." ಅವಳು ಇಳಿದು ಬಂದು, ಮಗುವಿನ ಬೆಲ್ಟು ಬಿಚ್ಚಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. ಗಣಿತದ ಮೇಡಂ ನಿಲ್ಲುತ್ತಿದ್ದುದೂ ಹಾಗೆಯೇ.

ಶೀನಣ್ಣನವರು ಬಗ್ಗಿದರು. ಮಗುವಿನ ಸ್ವೆಟರು ದಪ್ಪವಾಗಿ ಗುಡ್ಡೆಯಾಗಿತ್ತು, ಅದನ್ನು ಬಿಚ್ಚಿಸಿದರು. ಬೆಲ್ಟನ್ನು ಎಳೆದು, ತಿರುಚಿಲ್ಲವೆಂದು ನೋಡಿ, ಕೆಳಗಿನ ಪಟ್ಟಿಯನ್ನು ಮಣೆಯ ಎರಡು ಕೈಗಳ ಅಡಿಯಿಂದ ಹಾಯಿಸಿ ತೊಡೆಯ ಮೇಲೆ ತಂದರು. ಮೇಲಿನದನ್ನು ಬೆನ್ನಿನ ಒರಗಿಗಿದ್ದ ಕೊಕ್ಕೆಯಲ್ಲಿ ತೂರಿಸಿ ಹೆಗಲ ನಡುಮಧ್ಯಕ್ಕೆ ತಂದರು. ಬಲಹೆಗಲಿಗೆ ತಂದಾಗ ಕೈ ತಡೆಯಲಿಲ್ಲ. ತಾತ ಮೊಮ್ಮಗಳು ಇಬ್ಬರೂ ಒಂದೇ ಕಂಠದಲ್ಲಿ ಅಂಗನ್ಯಾಸ ಹೇಳಿದರು. ಬಕಲ್ಲು ತಾನೂ ಟಕ್ ಎಂದಿತು.

"ಶಾಲು?" ಎಂದಳು ಹೇಮಶ್ರೀ.

"ಶಾಲು ನನ್ನ ಹೆಗಲಿಗೇ ಇರ್ಲಿ" ಎಂದು ಶೀನಣ್ಣನವರು ನಡುವಿನ ಸೀಟು ಹತ್ತಿ ಉಡಿದಾರ ಕಟ್ಟಿಕೊಂಡರು.

ಆ ಸಂಜೆ ಸರಸ್ವತಮ್ಮನ ಜಗಲಿಯ ಮೇಲೆ ಈ ಕಥೆಯೆಲ್ಲ ಹೊರಬಿತ್ತು. ಸರಸ್ವತಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅಕ್ಕ ಹೋದಮೇಲೆ ಆ ಜಗಲಿಯಲ್ಲಿ ಯಾರೂ ನಕ್ಕಿರಲಿಲ್ಲ. ಭಾವ, ಅಕ್ಕನಿಗೆ ಇದು ಗೊತ್ತಾಗಿದ್ದರೆ ನಿಮ್ಮನ್ನು ಸರ್ಕಲ್ಲಿನಲ್ಲಿ ಅಪ್ರದಕ್ಷಿಣೆಯಾಗಿ ಸುತ್ತಿಸುತ್ತಿದ್ದಳು, ಪೊಲೀಸರು ಹಿಡಿಯುತ್ತಿದ್ದರು ಎಂದರು. ಕಾಫಿ ತಂದರು. ಎಲ್ಲರೂ ಬಿಸಿಯಿರುವಾಗಲೇ ಕುಡಿದರು.

ಕೆಲವು ವಾರ ಕಳೆದು ಬಕಲ್ಲಿನ ಭಾಗ ಬಂದು, ಎಡಗಡೆಯ ಬೆಲ್ಟು ಸರಿಹೋಯಿತು. ಹತ್ತುವಾಗ ಇಳಿಯುವಾಗ ಮಗುವಿಗೆ ರಸ್ತೆಯ ಕಡೆಗಿಂತ ಫುಟ್‌ಪಾತಿನ ಕಡೆಯೇ ಕ್ಷೇಮವೆಂದು ಹೇಮಶ್ರೀ ಮಣೆಯನ್ನು ಮತ್ತೆ ಎಡಕ್ಕೆ ಹಾಕಿದಳು. ಅಜ್ಜಿಯ ಥರದ ಬೆಲ್ಟು ತಪ್ಪಿಹೋಯಿತೆಂದು ತನ್ಮಯಿ ಮುಖ ಊದಿಸಿದಳು. ಅಜ್ಜಿ ಅವಳನ್ನು ಕೂರಿಸುತ್ತಿದ್ದುದೇ ಎಡಕ್ಕೆ ಎಂದು ತಾತ ನೆನಪಿಸಿದಮೇಲೆ ಒಪ್ಪಿದಳು. ಕಾರಿಗೆ ಇನ್ನುಮುಂದೆ ಹೊರಗಿನಿಂದ ಮಾತ್ರ ಅಕ್ಷತೆ ಎಂದು ಹೇಮಶ್ರೀ ಶಾಸನ ಮಾಡಿದಳು.

ಆಮೇಲಿನ ಒಂದು ತಿಂಗಳು ಆಂಡಾಳಮ್ಮನವರ ಮಾಸಿಕ ಶನಿವಾರವೇ ಬಂತು. ಶೀನಣ್ಣನವರು ಮಧ್ಯಾಹ್ನ ಜನಿವಾರ ಬದಲಾಯಿಸಿಕೊಂಡು ಎಳ್ಳುನೀರು ಬಿಟ್ಟರು, ಮತ್ತೆ ಎಡಹೆಗಲಿಗೆ ಹಾಕಿಕೊಂಡರು. ಅಡುಗೆಗೆ ಫ್ರೀಜರಿನಲ್ಲಿದ್ದ ಆ ಅವರೆಬೇಳೆಯನ್ನೇ ತೆಗೆಸಿ ಹುಳಿ ಮಾಡಿಸಿದ್ದರು. ಸರಸ್ವತಮ್ಮನಿಗೆಂದು ಅದರಲ್ಲಿ ಒಂದು ಡಬ್ಬಿ ತುಂಬಿದರು. ಸಂಜೆ ಎಡಗಡೆ ತನ್ಮಯಿಯನ್ನು ಮಣೆಯ ಮೇಲೆ ಕೂರಿಸಿ, ಹೊಟ್ಟೆ ತೊಡೆ ಕತ್ತು ಹೆಗಲು ಎಲ್ಲ ನೋಡಿ, ಟಕ್ ಎನ್ನಿಸಿ, ತಾವು ಸುತ್ತಿ ಬಂದು ಬಲಗಡೆ, ಮಗಳ ಹಿಂದೆ ಕೂತರು. ತಮ್ಮ ಬೆಲ್ಟು ಎಳೆದರು. ಅದು ತಾನಾಗಿಯೇ ಬಲಹೆಗಲ ಮೇಲೆ ಬಂತು. ಒಳಗೆ ಜನಿವಾರ ಎಡಕ್ಕೆ, ಮೇಲೆ ಬೆಲ್ಟು ಬಲಕ್ಕೆ.

ಸಜ್ಜನ್ ರಾವ್ ಸರ್ಕಲ್ ದಾರಿಯಲ್ಲಿ ಬರುವುದಿಲ್ಲ. ಆದರೂ ಹೇಮಶ್ರೀ ಆ ಕಡೆಗೇ ತಿರುಗಿಸಿದಳು. ಸಹಸ್ರನಾಮ ಹೇಳುತ್ತಿದ್ದ ಶೀನಣ್ಣನವರು ಅಲ್ಲಿ ನಿಲ್ಲಿಸಿ, ಹೆಗಲ ಮೇಲಿನ ಪಟ್ಟಿಯನ್ನು ಬೆರಳಲ್ಲಿ ಹಿಡಿದುಕೊಂಡು, ಕಾರು ಸುತ್ತು ಮುಗಿಸುವ ತನಕ ಮನಸ್ಸಿನಲ್ಲೇ ಹೇಳಿಕೊಂಡರು. ನಾರಾಯಣಾ, ನಮ್ಮನ್ನೆಲ್ಲ ಕ್ಷೇಮವಾಗಿ ಮುಟ್ಟಿಸಿದವಳನ್ನು ನೀನು ನಿನ್ನ ಪಾದಕ್ಕೆ ಕ್ಷೇಮವಾಗಿ ಮುಟ್ಟಿಸಿಕೋ. ಆಂಡಾಳಿನ ಆತ್ಮಕ್ಕೆ ದಣಿವಾರಲಿ, ಶಾಂತಿಯಿರಲಿ.